ಮಂಕರಿ ಖಾಲಿ ಎಂದು ಬರೆದಿರಲಿಲ್ಲ

ನಮ್ಮ ತೋಟ ಒಂದೇ ವರ್ಷದಲ್ಲಿ ಕೋಟಿಗಟ್ಟಲೆ ತೆಂಗಿನಕಾಯಿ ಬಿಟ್ಟಿದೆ ಎಂದು ಬೆಂಗಳೂರಿನ ಕಂಪ್ಯೂಟರು ಅಚ್ಚು ಹಾಕಿ ಕೊಟ್ಟಿತು. ನೊಣವಿನಕೆರೆಗೆ ಹತ್ತಿರದ ಒಂದು ಊರಿನಲ್ಲಿದ್ದ ತೋಟ ಅದು. ಬೇಲಿಯ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯಲ್ಲಿದ್ದವರು ಓ ಅನ್ನುವಷ್ಟು ದೊಡ್ಡದು, ಅದಕ್ಕಿಂತ ಹೆಚ್ಚಲ್ಲ. ನಾನು ಆ ಉದ್ದನೆಯ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೇಲಿಂದ ಕೆಳಕ್ಕೆ ಓದಿದೆ. ಒಟ್ಟು ಕಾಯಿ ಎಂಬಲ್ಲಿ ಕೋಟಿ ಇತ್ತು. ಮರವೊಂದಕ್ಕೆ ಸರಾಸರಿ ಎಂಬಲ್ಲಿ ಲಕ್ಷ ಇತ್ತು. ಅದರ ಕೆಳಗೆ, ಸರಾಸರಿಗಿಂತ ಹೆಚ್ಚು ಬಿಟ್ಟ ಮರಗಳು ಎಂಬ ತಲೆಬರಹದಡಿ, ಏನೂ ಇರಲಿಲ್ಲ. ಬಿಳಿ ಕಾಗದ. ಲಕ್ಷಕ್ಕಿಂತ ಹೆಚ್ಚು ಕಾಯಿ ಯಾವ ಮರ ತಾನೇ ಬಿಟ್ಟೀತು?

ಅಂಚಿನಲ್ಲಿ ನಮಗೆ ಪಾಠ ಹೇಳುತ್ತಿದ್ದವರು ಕೆಂಪು ಪೆನ್ಸಿಲಿನಲ್ಲಿ ‘ತಪ್ಪಿದೆ, ಹುಡುಕಿ’ ಎಂದು ಬರೆದಿದ್ದರು. ಎಲ್ಲಿ ತಪ್ಪಿದೆ ಎಂದು ಬರೆದಿರಲಿಲ್ಲ. ಅದನ್ನು ಹೇಳುವ ಹಾಗೂ ಇರಲಿಲ್ಲ. ಅದು ನನ್ನ ಕೊನೆಯ ಪರೀಕ್ಷೆಯ ಪ್ರೋಗ್ರಾಮು.

ಇದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಗಣಿತದಲ್ಲಿ ಎಂಎಸ್ಸಿ ಮಾಡಿದವಳು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ತಿಪಟೂರಿನ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಕೆಲಸ ಮಾಡುತ್ತಿದ್ದೆ. ಕಾಯಂ ಆಗಿ ಒಬ್ಬರು ಬಂದರು, ನನ್ನನ್ನು ಬಿಟ್ಟರು. ಆಮೇಲೆ ಅದೇ ಊರಿನ ಇನ್ನೊಂದು ಖಾಸಗಿ ಕಾಲೇಜಿನವರು ಮುಂದಿನ ಸಾಲಿನಿಂದ ಕಂಪ್ಯೂಟರ್ ತರಗತಿ ಶುರು ಮಾಡುತ್ತೇವೆ ಎಂದು ಹೊರಟರು. ಬೆಂಗಳೂರಿನಲ್ಲಿ ಶನಿವಾರ ಭಾನುವಾರ ನಡೆಯುವ ಒಂದು ಕೋರ್ಸು ಮುಗಿಸಿ ಪ್ರಮಾಣಪತ್ರ ತಂದರೆ ನನ್ನನ್ನು ತೆಗೆದುಕೊಳ್ಳುತ್ತೇವೆ, ಇಲ್ಲವಾದರೆ ಬೆಂಗಳೂರಿನಿಂದಲೇ ಯಾರನ್ನಾದರೂ ಕರೆಸುತ್ತೇವೆ ಎಂದಿದ್ದರು. ಹಾಗಾಗಿ ಒಂದಷ್ಟು ತಿಂಗಳು ನಾನು ಶನಿವಾರ ಬೆಳಿಗ್ಗೆ ತಿಪಟೂರಿನಲ್ಲಿ ರೈಲು ಹತ್ತಿ ಭಾನುವಾರ ಸಂಜೆ ಇಳಿಯುತ್ತಿದ್ದೆ. ಉಳಿದುಕೊಳ್ಳಲು ಚಿಕ್ಕಪ್ಪನ ಮನೆ ಇತ್ತು.

ಕಲಿತೆ ಎಂದರೆ ಕಂಪ್ಯೂಟರಿನ ಮುಂದೆ ಕೂತು ಕಲಿತೆ ಎಂದು ಈಗಿನವರು ಅಂದುಕೊಳ್ಳಬಾರದು. ಯಂತ್ರ ಇದ್ದದ್ದು ಬೇರೊಂದು ದೊಡ್ಡ ಕಚೇರಿಯಲ್ಲಿ. ನಮ್ಮ ಸಂಸ್ಥೆ ಅದನ್ನು ಗಂಟೆಯ ಬಾಡಿಗೆಗೆ ತೆಗೆದುಕೊಳ್ಳುತ್ತಿತ್ತು. ನಾವು ಮಾಡಬೇಕಾದ್ದನ್ನು ಚೌಕಳಿ ಹಾಳೆಯ ಮೇಲೆ ಸಾಲುಸಾಲಾಗಿ ಬರೆಯಬೇಕು. ಆ ಒಂದೊಂದು ಸಾಲಿಗೂ ಒಂದೊಂದು ದಪ್ಪ ಕಾರ್ಡಿನಲ್ಲಿ ತೂತು ಹೊಡೆಯಬೇಕು. ಕಾರ್ಡುಗಳ ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು ಬರಬೇಕು. ಒಳಗೆ ಯಾರೋ ಅದನ್ನು ಯಂತ್ರಕ್ಕೆ ತಿನ್ನಿಸುತ್ತಾರೆ. ಉತ್ತರ ಮುಂದಿನ ವಾರ ಸಿಗುತ್ತದೆ. ಕೊನೆಯ ಪ್ರೋಗ್ರಾಮಿಗೆ ಒಬ್ಬೊಬ್ಬರಿಗೆ ಎರಡು ಸಲ ಮಾತ್ರ ಅವಕಾಶ. ಒಂದು ಸಲ ನನ್ನದು ಮುಗಿದಿತ್ತು. ಇನ್ನೊಂದು ಸಲವೂ ತಪ್ಪಿದರೆ ಮುಂದಿನ ವರ್ಷದವರ ಜೊತೆ ಮತ್ತೆ ಬರಬೇಕು. ಅಷ್ಟರಲ್ಲಿ ತಿಪಟೂರಿನ ಕುರ್ಚಿಯಲ್ಲಿ ಬೇರೆ ಯಾರೋ ಕೂತಿರುತ್ತಾರೆ.

ಪ್ರೋಗ್ರಾಮು ಕಷ್ಟದ್ದಾಗಿರಲಿಲ್ಲ. ನಮ್ಮ ತೋಟದ ಒಂದೊಂದು ಮರ ವರ್ಷಕ್ಕೆ ಎಷ್ಟು ಕಾಯಿ ಬಿಡುತ್ತದೆ ಎಂಬುದನ್ನು ನಾನೇ ಕೆಡವುವವರ ಜೊತೆ ಮರದ ಬುಡದಲ್ಲಿ ನಿಂತು ಬರೆದುಕೊಂಡಿದ್ದೆ. ಅವನ್ನೆಲ್ಲ ಕೂಡಿಸಿ, ಸರಾಸರಿ ತೆಗೆದು, ಸರಾಸರಿಗಿಂತ ಹೆಚ್ಚು ಬಿಟ್ಟ ಮರಗಳು ಯಾವುವು ಎಂದು ಹೇಳಬೇಕು. ಗಿಡ ಮಾಡಲು ಬೀಜದ ಕಾಯಿಯನ್ನು ಅಂಥ ಮರಗಳಿಂದ ಆರಿಸಬಹುದು ಎಂಬುದು ನನ್ನ ಯೋಚನೆ. ಹೈಸ್ಕೂಲು ಹುಡುಗ ಮಾಡುವ ಲೆಕ್ಕ.

ಅದಕ್ಕೇ ನಾನು ಅಷ್ಟು ಅಲುಗಾಡಿ ಹೋದದ್ದು. ಚಿಕ್ಕಂದಿನಿಂದ ಗಣಿತದಲ್ಲಿ ನನಗೆ ಬಾರದ್ದು ಬಾರದು ಎಂದು ಗೊತ್ತಿರುತ್ತಿತ್ತು, ಬಂದದ್ದು ಬಂದಿದೆ ಎಂದು ಗೊತ್ತಿರುತ್ತಿತ್ತು. ಬಂದಿದೆ ಎಂದು ಪೂರ್ತಿ ನಂಬಿದ್ದು ತಪ್ಪಾಗಿ ತಿರುಗಿ ಬಂದದ್ದು ಅದೇ ಮೊದಲು. ಹಾಳೆಗಳನ್ನು ಮೇಲಿಂದ ಕೆಳಕ್ಕೆ ಓದಿದೆ, ಕೆಳಗಿನಿಂದ ಮೇಲಕ್ಕೆ ಓದಿದೆ. ಪ್ರತಿ ಸಲವೂ ಸರಿಯಾಗಿಯೇ ಇತ್ತು. ಆ ವಾರ ನನಗೆ ಬೇರೆ ಕೆಲಸಗಳಲ್ಲೂ ನನ್ನ ಮೇಲೆ ನಂಬಿಕೆ ಹೋಯಿತು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮತ್ತೆ ರುಚಿ ನೋಡುತ್ತಿದ್ದೆ. ಹಿತ್ತಲ ಬಾಗಿಲ ಅಗುಳಿ ಹಾಕಿ ಬಂದವಳು ತಿರುಗಿ ಹೋಗಿ ಮುಟ್ಟಿ ನೋಡುತ್ತಿದ್ದೆ. ಅತ್ತೆ ನೋಡಿಯೂ ನೋಡದವರಂತೆ ಇದ್ದರು.

ಪಕ್ಕದ ಮನೆಯ ಅಕ್ಕ ಹಾಗಲ್ಲ. ಅವರಿಗೆ ನನಗಿಂತ ಹತ್ತು ವರ್ಷ ಹೆಚ್ಚು, ನಾಲಿಗೆ ಚುರುಕು, ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳದವರು. ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವರು ನಡುಮನೆಯಲ್ಲಿ ಹರಡಿದ್ದ ಕಾಗದ ನೋಡಿ ಕೇಳಿದರು.

“ಏನ್ ಕಣಮ್ಮ, ನಿಮ್ಮ ತೋಟದಾಗೆ ಕೋಟಿ ಕಾಯಿ ಬಿಟ್ಟೈತಂತೆ? ಕೆಡವಕ್ಕೆ ಆಳು ಎಲ್ಲಿಂದ ತತ್ತೀರಿ?”

“ಸುಮ್ಕಿರೇ,” ಎಂದರು ಅತ್ತೆ. “ಮೊದ್ಲೇ ಹುಡುಗಿ ಮುಖ ಇಷ್ಟಾಗೈತೆ.”

“ನಾ ಏನಂದೆ ದೊಡ್ಡಮ್ಮ? ಅಟ್ಟದಾಗೆ ಜಾಗ ಸಾಲ್ದಿದ್ರೆ ನಮ್ಮ ಅಟ್ಟನೂ ಕೊಡ್ತೀನಿ ಅಂತ ಹೇಳಕ್ಕೆ ಬಂದೆ.”

ಅತ್ತೆಗೂ ನಗು ಬಂತು. ನನಗೂ, ತಡವಾಗಿ.

ನಮ್ಮ ಯಜಮಾನರು ನಮ್ಮೂರಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಅವರಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ. ಆದರೆ ನನ್ನ ಹಾಳೆಯನ್ನು ನಾನು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಅರ್ಥವಾಗುತ್ತಿತ್ತು. ಅವರೂ ಓದಿದರು. ಅವರಿಗೂ ಎಲ್ಲ ಸರಿಯಾಗಿಯೇ ಕಂಡಿತು. ಆ ಶನಿವಾರ ನಾನು ಬೆಂಗಳೂರಿಗೆ ಹೋಗಲಿಲ್ಲ; ತಪ್ಪು ಸಿಗದೆ ಹೋಗಿ ಕೊಡುವುದೇನು? ಮಾರನೆಯ ದಿನ ಊಟವಾದ ಮೇಲೆ ಅವರು ಹೇಳಿದರು.

“ನಾನು ಹುಡುಗ್ರಿಗೆ ಗ್ರಹಣ ಹೇಳ್ಕೊಡುವಾಗ ಒಬ್ಬನ್ನ ಸೂರ್ಯ ಮಾಡಿ ನಿಲ್ಲಿಸ್ತೀನಿ, ಒಬ್ಬನ್ನ ಭೂಮಿ, ಒಬ್ಬನ್ನ ಚಂದ್ರ. ಬೋರ್ಡ್ ಮೇಲೆ ಬರೆದ್ರೆ ತಿಳೀದೇ ಇದ್ದದ್ದು ಸುತ್ತು ಹೊಡೆದ್ರೆ ತಿಳಿಯುತ್ತೆ. ನಿನ್ನ ಪ್ರೋಗ್ರಾಮನ್ನೂ ಹಂಗೇ ಆಡಿ ನೋಡಿದ್ರೆ?”

ಆಡಿದೆವು. ನಡುಮನೆಯ ಮೂಲೆಯಲ್ಲಿ ಅಡಿಗೆಗೆಂದು ಸುಲಿದಿಟ್ಟ ಕಾಯಿಯ ರಾಶಿ ಇತ್ತು. ಅದರಿಂದ ಕಾಯಿ ಎಣಿಸಿ ಕೊಡುವ ಕೆಲಸ ಅಷ್ಟರಲ್ಲಿ ಬಂದಿದ್ದ ಪಕ್ಕದ ಮನೆಯ ಅಕ್ಕನದು. ಅವರೆಂದರೆ ಯಂತ್ರಕ್ಕೆ ಮರಗಳ ಲೆಕ್ಕ ಕೊಡುವ ಕಾರ್ಡುಗಳ ಹಾಗೆ. ಒಟ್ಟು ಮೊತ್ತ ಎಂದು ನಾನು ಹೆಸರಿಟ್ಟಿದ್ದ ಜಾಗ ಅತ್ತೆಯವರು. ಅವರ ಮುಂದೆ ಒಂದು ಮಂಕರಿ, ಬಿದಿರಿನ ಬುಟ್ಟಿ. ಅವರು ಕೈಗೆ ಬಂದದ್ದನ್ನು ಅದರಲ್ಲಿ ಸೇರಿಸುತ್ತ ಹೋಗಬೇಕು. ಯಜಮಾನರು ಹಾಳೆ ಹಿಡಿದು ಒಂದೊಂದೇ ಸಾಲು ಓದಬೇಕು. ಮರಗಳು ನಾಲ್ಕೇ ಎಂದು ಇಟ್ಟುಕೊಂಡೆವು. ಮೊದಲನೆಯದಕ್ಕೆ ಐದು ಕಾಯಿ, ಆಮೇಲೆ ಮೂರು, ನಾಲ್ಕು, ಎರಡು.

“ಮಂಕರೀಲಿ ಇರೋದಕ್ಕೆ ಈ ಮರದ ಕಾಯಿ ಸೇರಿಸು,” ಎಂದು ಯಜಮಾನರು ಓದಿದರು.

ಅಕ್ಕ ಐದು ಕೊಟ್ಟರು. ಅತ್ತೆ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲುಗಿಸಿ, ನೀರಿನ ಸದ್ದು ಕೇಳಿ, ಮಂಕರಿಗೆ ಹಾಕಿದರು. ಎರಡನೆಯ ಮರದ ಮೂರರಲ್ಲಿ ಒಂದನ್ನು ಪಕ್ಕಕ್ಕಿಟ್ಟರು.

“ಇದು ಒಡಕಲು. ಇದನ್ನ ಯಾಕೆ ಎಣಿಸ್ತೀಯ? ಚಟ್ನಿಗಾಯ್ತದೆ.”

“ಕೊಡಿ ಇಲ್ಲಿ, ಬೇರೇದು ಕೊಡ್ತೀನಿ,” ಎಂದು ಅಕ್ಕ ಬದಲಿಸಿ ಕೊಟ್ಟರು.

ಮತ್ತೆ ಸೇರಿಸುವ ಸಾಲಿಗೆ ಹೋಗು ಎಂಬ ಸಾಲನ್ನು ಯಜಮಾನರು ಒಂದು ಸಲ ಓದಲು ಮರೆತರು. ಯಾರೂ ಅದಕ್ಕಾಗಿ ಕಾಯಲಿಲ್ಲ. ಅಕ್ಕ ಆಗಲೇ ಮುಂದಿನ ಮರದ ಕಾಯಿ ಹಿಡಿದು ಕೈ ಚಾಚಿದ್ದರು. ಕೊನೆಗೆ ಎಣಿಸಿದರೆ ಸರಿಯಾಗಿ ಹದಿನಾಲ್ಕು. ಎಲ್ಲರಿಗೂ ಸಂತೋಷವಾಯಿತು. “ಸರಿಯಾಗೇ ಐತಲ್ಲಮ್ಮ. ಆ ಬೆಂಗ್ಳೂರಿನೋರಿಗೇ ಎಣಿಸಕ್ಕೆ ಬರಾಕಿಲ್ಲ,” ಎಂದರು ಅಕ್ಕ.

ನನಗೂ ಒಂದು ಗಳಿಗೆ ಹಾಗೆಯೇ ಅನ್ನಿಸಿತು. ಆಮೇಲೆ ಭಯವಾಯಿತು. ನಾನು ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ: ಅತ್ತೆ ಪ್ರತಿ ಸಲ ಕಾಯಿ ಹಾಕುವ ಮುಂಚೆ ನನ್ನ ಮುಖ ನೋಡುತ್ತಿದ್ದರು. ನಾನು ಪ್ರತಿ ಸಲವೂ ತಲೆಯಾಡಿಸುತ್ತಿದ್ದೆ. ಒಡಕಲು ಕಾಯಿ ಬದಲಾಯಿತು, ಓದದ ಸಾಲು ಓದಿದ ಹಾಗೆ ನಡೆಯಿತು. ಈ ಮೂವರೂ ನನ್ನ ಮೇಲಿನ ಪ್ರೀತಿಯಿಂದ ನನ್ನ ತಪ್ಪನ್ನು, ಅದು ಎಲ್ಲಿತ್ತೋ ಅಲ್ಲೇ, ಮುಚ್ಚಿಕೊಂಡು ಹೋಗಿದ್ದರು. ಬೆಂಗಳೂರಿನ ಯಂತ್ರಕ್ಕೆ ನನ್ನ ಮೇಲೆ ಪ್ರೀತಿ ಇರಲಿಲ್ಲ.

“ಹೀಗಲ್ಲ,” ಎಂದೆ. “ಓದಿದಷ್ಟೇ ಮಾಡಬೇಕು. ಓದದೆ ಇದ್ದದ್ದನ್ನು ಮಾಡಬಾರದು. ತಪ್ಪು ಅಂತ ಕಂಡರೂ ಹೇಳಬಾರದು.”

“ಅಂಗಂದ್ರೆ ಮಂಕರಂಗೆ ಮಾಡು ಅಂತೀಯ,” ಎಂದರು ಅತ್ತೆ.

“ಹೂಂ ಅತ್ತೆ.”

“ಅದೇನು ಕಷ್ಟ ದೊಡ್ಡಮ್ಮ,” ಎಂದರು ಅಕ್ಕ. “ನಿಮ್ಮ ಮಗ ಮನೆ ಕೆಲ್ಸ ಹೇಳಿದ್ರೆ ಮಾಡ್ತಾರಲ್ಲ, ಅಂಗೆ ಮಾಡೋದು.”

ಯಜಮಾನರು ಕೇಳಿಸದವರಂತೆ ಹಾಳೆಗಳನ್ನು ಜೋಡಿಸಿಕೊಂಡರು. ಅತ್ತೆ ಮಂಕರಿಯಲ್ಲಿದ್ದ ಕಾಯಿಗಳನ್ನು ರಾಶಿಗೆ ಸುರಿದರು. ಆಮೇಲೆ ನನಗೂ ಒಂದು ನಿಯಮ ಮಾಡಿದರು. ನಾನು ಕಂಬದ ಆಚೆ, ಗೋಡೆಯ ಕಡೆ ಮುಖ ಮಾಡಿ ಕೂರಬೇಕು. ತಿರುಗಬಾರದು, ಮಾತಾಡಬಾರದು, ಕೆಮ್ಮಬಾರದು. ಬರೆದವಳು ಬರೆದು ಕೊಟ್ಟಾಯಿತು, ಇನ್ನು ಅವಳು ಇಲ್ಲ.

ಕೂತೆ. ಗೋಡೆಯ ಮೇಲೆ ಸುಣ್ಣ ಒಂದು ಕಡೆ ಎದ್ದಿತ್ತು. ಅದನ್ನೇ ನೋಡುತ್ತಿದ್ದೆ. ಬೆನ್ನ ಹಿಂದೆ ನನ್ನದೇ ಸಾಲುಗಳು ಯಜಮಾನರ ದನಿಯಲ್ಲಿ ಬರುತ್ತಿದ್ದವು. ನಡುವೆ ಒಂದು ಸಲ ಅವರು ಓದಿದ್ದು ಯಾರಿಗೂ ತಿಳಿಯದೆ ಎಲ್ಲರೂ ಸುಮ್ಮನಾದರು. ಹೇಳಿಕೊಡಬೇಕೆಂದು ನನ್ನ ಬಾಯಿ ತೆರೆದುಕೊಂಡಿತು. ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಅವರೇ ಮತ್ತೆ ಓದಿಕೊಂಡು ಮುಂದಕ್ಕೆ ಹೋದರು. ಇಷ್ಟು ವರ್ಷ ಪಾಠ ಮಾಡಿದ ಮೇಲೂ ಹೇಳುತ್ತೇನೆ, ಈ ಕೆಲಸದಲ್ಲಿ ಅದಕ್ಕಿಂತ ಕಷ್ಟದ್ದನ್ನು ನಾನು ಮಾಡಿಲ್ಲ. ಬುದ್ಧಿವಂತರು ಬಹಳ ಜನ ಬಂದರು ನನ್ನ ಹತ್ತಿರ ಕಲಿಯಲು. ತಾನು ಬರೆದದ್ದನ್ನು ಇನ್ನೊಬ್ಬರ ಕೈಗೆ ಕೊಟ್ಟು, ಅದು ಎಡವುವುದನ್ನು ಕೇಳಿಸಿಕೊಂಡು, ಬಾಯಿ ಮುಚ್ಚಿ ಕೂರಬಲ್ಲವರು ಕಡಿಮೆ. ಅಂಥವರು ನಿಧಾನವಾಗಿ ಕಲಿತರೂ ಚೆನ್ನಾಗಿ ಕಲಿತರು.

“ಹದಿನೈದು,” ಎಂದರು ಯಜಮಾನರು.

ಕಾಯಿ ಮತ್ತೆ ಎಣಿಸುವ ಸದ್ದು ಕೇಳಿಸಿತು.

“ಹದಿನೈದೇ. ಅಕ್ಕ, ನೀವು ಒಂದು ಹೆಚ್ಚಿಗೆ ಕೊಟ್ಟಿದ್ದೀರಿ.”

“ನಾ ಕೊಟ್ಟಿದ್ದು ಹದಿನಾಲ್ಕೇ ಮೇಷ್ಟ್ರೇ. ಐದು, ಮೂರು, ನಾಲ್ಕು, ಎರಡು.”

“ಕೈ ತಪ್ಪಿರುತ್ತೆ.”

“ನಾನು ಇಸ್ಕೂಲಿಗೆ ಹೋಗ್ದೆ ಇರಬೋದು, ಎರಡು ಕಾಯಿ ಮೂರಾಗಲ್ಲ ಅಂತ ಗೊತ್ತೈತೆ. ಹುಡುಗ್ರಿಗೂ ಇಂಗೇ ಗದರಿಸಿ ಲೆಕ್ಕ ಹೇಳ್ಕೊಡದಾ ನೀವು?”

“ಗದರಿಸಲಿಲ್ಲ ಅಕ್ಕ, ಕೇಳಿದೆ.”

“ನೀವು ಕೇಳಿದ್ರೇ ಇಂಗೆ, ಇನ್ನು ಗದರಿಸಿದ್ರೆ ಎಂಗೋ.”

“ಅವಳದ್ದೇನೂ ಇಲ್ಲ, ಬುಡು,” ಎಂದರು ಅತ್ತೆ. ಅವರ ದನಿ ಎಂದಿನಂತೆಯೇ ಇತ್ತು. “ಮೊದ್ಲು ಒಂದು ನಾನೇ ಹಾಕಿದ್ದೆ.”

“ಯಾವಾಗ ಅವ್ವ?”

“ನೀನು ಓದಕ್ಕೆ ಮುಂಚೆ. ಬರೀ ಮಂಕರಿ ಮುಂದಿಟ್ಕಂಡು ಯಾರಾನ ಕೂತ್ಕತಾರಾ?”

ನಮ್ಮ ಕಡೆ ಅದೊಂದು ಪದ್ಧತಿ. ಮೊರವಾಗಲಿ ಮಂಕರಿಯಾಗಲಿ ಬರಿದಾಗಿ ಒಬ್ಬರ ಮುಂದೆ ಇಡುವುದಿಲ್ಲ, ಬರಿದಾಗಿ ಒಬ್ಬರಿಗೆ ಕೊಡುವುದಿಲ್ಲ. ಪಕ್ಕದ ಮನೆಯ ಪಾತ್ರೆ ಹಿಂದಿರುಗಿಸುವಾಗಲೂ ಒಂದು ಚೂರು ಬೆಲ್ಲವನ್ನೋ ನಾಲ್ಕು ಮೆಣಸಿನಕಾಯಿಯನ್ನೋ ಹಾಕಿಯೇ ಕೊಡುತ್ತಾರೆ. ಅತ್ತೆ ಅದನ್ನು ಯೋಚಿಸಿ ಮಾಡಿದ್ದಲ್ಲ. ಅವರ ಕೈ ತಾನಾಗಿಯೇ ರಾಶಿಯಿಂದ ಒಂದು ಕಾಯಿ ತೆಗೆದು ಮಂಕರಿಯಲ್ಲಿಟ್ಟಿತ್ತು.

“ಅವ್ವ, ಯಂತ್ರ ಅಂಗೆಲ್ಲ ಮಾಡಲ್ಲ,” ಎಂದರು ಯಜಮಾನರು. “ಹಾಳೇಲಿ ಇದ್ದಷ್ಟೇ ಅಂತ ಮಾತಾಗಿಲ್ವಾ?”

“ಹಾಳೇನಾಗೆ ಮಂಕರಿ ಬರಿದಾಗಿರ್ಬೇಕು ಅಂತ ಐತಾ? ಇದ್ರೆ ಓದು. ತೆಗೀತೀನಿ.”

ಯಜಮಾನರು ಹಾಳೆ ತಿರುಗಿಸುವುದು ಕೇಳಿಸಿತು. ಮೊದಲಿನಿಂದ ಶುರು ಮಾಡಿದರು. ಒಂದು ಹಾಳೆ, ಇನ್ನೊಂದು. ಮತ್ತೆ ಮೊದಲಿನದು. ಆಮೇಲೆ ಸದ್ದು ನಿಂತಿತು.

“ಇಲ್ಲ ಕಣೇ,” ಎಂದರು. ತಾಯಿಗೆ ಹೇಳುವ ಮಾತಲ್ಲ ಅದು, ನನಗೆ ಹೇಳಿದ್ದು.

ನಾನು ತಿರುಗಿದೆ. ಆಗ ನನಗೆ ಮೊದಲ ಸಲದ ಆಟ ಕಣ್ಣ ಮುಂದೆ ಬಂತು. ಆ ಸಲ ಮಂಕರಿ ತಂದವಳು ನಾನು. ಅದರ ತಳದಲ್ಲಿದ್ದ ನಾರು ದೂಳನ್ನು ಅಂಗಳದಲ್ಲಿ ಕೊಡವಿ, ಬರಿದು ಮಾಡಿ, ಅತ್ತೆಯ ಮುಂದೆ ಇಟ್ಟವಳು ನಾನೇ. ಅವರ ಕೈ ರಾಶಿಯ ಕಡೆ ಹೋಗುವ ಮುಂಚೆಯೇ ಓದಲು ಹೇಳಿದವಳೂ ನಾನೇ. ಹಾಳೆಯಲ್ಲಿ ಬರೆಯದ ಒಂದು ಸಾಲನ್ನು ನನ್ನ ಕೈ ಮಾಡಿ ಮುಗಿಸಿತ್ತು. ಓದುವಾಗಲೂ ಹಾಗೆಯೇ ಆಗಿತ್ತು. ‘ಮಂಕರೀಲಿ ಇರೋದಕ್ಕೆ ಸೇರಿಸು’ ಎಂದು ಓದಿದಾಗಲೆಲ್ಲ ನನ್ನ ತಲೆಯಲ್ಲಿದ್ದ ಮಂಕರಿ ಖಾಲಿಯಾಗಿಯೇ ಇರುತ್ತಿತ್ತು. ನನ್ನ ತಲೆ ನನ್ನದು, ಅದರಲ್ಲಿ ಬೇರೆಯವರ ಕಾಯಿ ಎಲ್ಲಿಂದ ಬರಬೇಕು? ಯಂತ್ರದ ಒಳಗೆ ಮಂಕರಿ ಖಾಲಿ ಇರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಹಾಳೆ ಇಸಿದುಕೊಂಡು, ಎಲ್ಲಕ್ಕೂ ಮೇಲೆ, ಒಟ್ಟು ಮೊತ್ತದ ಜಾಗದಲ್ಲಿ ಸೊನ್ನೆ ಇಡು ಎಂಬ ಒಂದು ಸಾಲು ಬರೆದೆ. ಅಷ್ಟು ಚಿಕ್ಕ ಸಾಲನ್ನು ನಾನು ಅದಕ್ಕಿಂತ ಮುಂಚೆ ಬರೆದಿರಲಿಲ್ಲ.

“ಸಿಕ್ತಾ?” ಎಂದರು ಅತ್ತೆ.

“ಸಿಕ್ಕಿದೆ ಅಂತ ಕಾಣುತ್ತೆ ಅತ್ತೆ.”

ಸಿಕ್ಕಿತು ಎನ್ನಲು ಧೈರ್ಯ ಇರಲಿಲ್ಲ. ಒಂದು ತಪ್ಪು ಅಡಗಿದ್ದ ಕಡೆ ಇನ್ನೊಂದು ಇರಬಾರದೇಕೆ? ಮತ್ತೊಮ್ಮೆ ಆಡೋಣ ಎಂದೆ. ಈ ಸಲ ಓದುವವರು ಮೊದಲು “ಮಂಕರಿ ಬರಿದು ಮಾಡು” ಎಂದು ಓದಿದರು. ಅತ್ತೆ ಮಂಕರಿಯನ್ನು ಬೋರಲು ಹಾಕುವ ಮುಂಚೆ ಒಂದು ಗಳಿಗೆ ತಡೆದರು. “ಓದಿದ್ರೆ ಮಾಡ್ಬೇಕಲ್ಲ,” ಎಂದು ತಮಗೆ ತಾವೇ ಹೇಳಿಕೊಂಡು ಹಾಕಿದರು. ನಡುವೆ ಒಂದು ಮರದ್ದು ಒಂದು ಕಾಯಿಯೂ ಇಲ್ಲ ಎಂದು ಇಟ್ಟುಕೊಂಡು ಆಡಿದೆವು. ಎಳೆಯ ಮರಗಳು ತೋಟದಲ್ಲಿ ಇದ್ದವಲ್ಲ. ಅಕ್ಕ ಬರಿಗೈ ಚಾಚಿದರು.

“ಈ ಮರದ್ದು ಏನೂ ಇಲ್ಲ ದೊಡ್ಡಮ್ಮ.”

“ಇಲ್ಲ ಅನ್ಬೇಡ ಕಣೇ. ಮುಂದಿನ ವರ್ಸಕ್ಕೆ ಬಿಡ್ತದೆ ಅನ್ನು.”

“ಹಾಳೇಲಿ ಮುಂದಿನ ವರ್ಸ ಇಲ್ವಲ್ಲ, ಏನ್ಮಾಡ್ಲಿ?”

ಲೆಕ್ಕ ಸರಿಯಾಗಿ ಬಂತು. ಸರಾಸರಿಯ ಸಾಲುಗಳನ್ನೂ ಆಡಿದೆವು, ಪಟ್ಟಿ ಮಾಡುವ ಸಾಲುಗಳನ್ನೂ ಆಡಿದೆವು. ಬಿಸಿಲು ಇಳಿಯಿತು, ದನ ಮನೆಗೆ ಬಂದವು. ಅಕ್ಕ ಎದ್ದು ಸೀರೆ ಕೊಡವಿಕೊಂಡು, “ಹೋಗ್ಲಿ, ಆ ಒಡಕಲು ಕಾಯಿ ನಂಗೆ ಕೊಡಿ, ಕೂಲಿ ಅಂದ್ಕತೀನಿ,” ಎಂದು ತೆಗೆದುಕೊಂಡು ಹೋದರು.

ಮುಂದಿನ ಶನಿವಾರ ಬೆಂಗಳೂರಿನಲ್ಲಿ ಆ ಒಂದು ಸಾಲಿನ ಕಾರ್ಡಿಗೆ ನಾನೇ ತೂತು ಹೊಡೆದೆ. ಕಟ್ಟಿನಲ್ಲಿ ಅದರ ಜಾಗಕ್ಕೆ ಸೇರಿಸಿದೆ. ಕೆಳಗೆ ಬಿದ್ದರೆ ಅನುಕ್ರಮ ತಪ್ಪಬಾರದೆಂದು ಕಟ್ಟಿನ ಅಂಚಿನ ಉದ್ದಕ್ಕೂ ಪೆನ್ಸಿಲಿನಿಂದ ಓರೆಯಾಗಿ ಒಂದು ಗೆರೆ ಎಳೆದೆ. ಪಾಠ ಹೇಳುವವರು ಅದನ್ನು ನೋಡಿದರು. ನಾನು ಕಿಟಕಿಗೆ ಹೋಗುವ ಮುಂಚೆ ಅವರನ್ನು ಒಂದು ಪ್ರಶ್ನೆ ಕೇಳಿದೆ.

“ಸರ್, ನಾನು ಏನೂ ಇಡದೆ ಇದ್ದಾಗ ಆ ಜಾಗದಲ್ಲಿ ಏನಿತ್ತು?”

ಅವರು ಸ್ವಲ್ಪ ನಕ್ಕರು. ಅದು ಒಳ್ಳೆಯ ನಗು.

“ನಿಮಗಿಂತ ಮುಂಚೆ ಯಾರದ್ದು ಓಡಿತ್ತೋ ಅವರದ್ದು ಏನೋ ಉಳಿದಿತ್ತಮ್ಮ. ಸಂಬಳದ ಲೆಕ್ಕವೋ, ಸಿಮೆಂಟಿನ ಲೆಕ್ಕವೋ. ಕೆಲವು ಯಂತ್ರ ತಾನೇ ಗುಡಿಸಿಟ್ಟಿರುತ್ತೆ. ಇದು ಗುಡಿಸಲ್ಲ.”

ಇದನ್ನು ಊರಿಗೆ ಬಂದು ಹೇಳಿದಾಗ ಪಕ್ಕದ ಮನೆಯ ಅಕ್ಕ, “ಮುಂಚೆ ಅಡಿಗೆ ಮಾಡ್ದೋರು ಪಾತ್ರೆ ತೊಳ್ದಿಟ್ಟಿರ್ಲಿಲ್ಲ ಅನ್ನು,” ಎಂದರು. ಆಮೇಲೆ ಎಷ್ಟೋ ವರ್ಷ ನಾನು ತರಗತಿಯಲ್ಲಿ ಆ ಮಾತನ್ನೇ ಹೇಳಿದೆ. ಅದಕ್ಕಿಂತ ಸರಿಯಾದದ್ದು ಪುಸ್ತಕಗಳಲ್ಲಿ ನನಗೆ ಸಿಗಲಿಲ್ಲ.

ಉತ್ತರಕ್ಕಾಗಿ ಒಂದು ವಾರ ಕಾದೆ. ಆ ವಾರ ಉಪ್ಪಿನ ಅನುಮಾನ ಪೂರ್ತಿ ಹೋಗಿರಲಿಲ್ಲ, ಆದರೆ ಅದರಿಂದ ಹಿಂಸೆಯಾಗುತ್ತಿರಲಿಲ್ಲ. ಒಂದು ಸಲ ರುಚಿ ನೋಡಿದರೆ ತಪ್ಪೇನು ಎನ್ನಿಸುತ್ತಿತ್ತು. ಶನಿವಾರ ಹೋದಾಗ ಗಾಜಿನ ಕಿಟಕಿಯ ಆಚೆ ಬಿಳಿ ಕೋಟು ಹಾಕಿದವರು ಹೆಸರು ಕೂಗಿ ಕಾಗದ ಕೊಡುತ್ತಿದ್ದರು. ನನ್ನದು ಬಂತು. ಅಲ್ಲೇ ಬೆಂಚಿನ ಮೇಲೆ ಕೂತು, ಬೆರಳಿಟ್ಟುಕೊಂಡು, ಮೇಲಿನ ಸಾಲಿನಿಂದ ಓದಿದೆ. ಒಟ್ಟು ಕಾಯಿ. ಮನೆಯಲ್ಲಿ ಕೈಯಿಂದ ಕೂಡಿಸಿಟ್ಟುಕೊಂಡಿದ್ದ ಮೊತ್ತವನ್ನು ಪಕ್ಕದಲ್ಲಿಟ್ಟು ಒಂದೊಂದು ಅಂಕಿಯನ್ನೂ ಹೋಲಿಸಿದೆ. ಅದೇ. ಸರಾಸರಿ. ಅದೇ. ಕೆಳಗೆ ಈ ಸಲ ಬಿಳಿ ಕಾಗದ ಇರಲಿಲ್ಲ, ಮರಗಳ ನಂಬರುಗಳು ಒಂದರ ಕೆಳಗೆ ಒಂದು ಇಳಿದಿದ್ದವು. ಆ ಒಂದೊಂದು ಮರವೂ ನನಗೆ ಗೊತ್ತಿತ್ತು. ಬಾವಿಯ ಪಕ್ಕದ್ದು. ಓರೆಯಾಗಿ ಬೆಳೆದದ್ದು. ಗೆದ್ದಲು ಹತ್ತಿತ್ತೆಂದು ಮಾವ ಬುಡಕ್ಕೆ ಬೂದಿ ಹಾಕಿಸಿದ್ದು.

ನನ್ನ ಮುಂದೆ ಕೂತಿದ್ದ ಹುಡುಗನಿಗೂ ಕಾಗದ ಬಂದಿತ್ತು. ಅವನ ಮುಖ ನೋಡಿದರೇ ಏನಾಗಿದೆ ಎಂದು ತಿಳಿಯುತ್ತಿತ್ತು. ಅವನಿಗೆ ಅದು ಮೊದಲ ಸಲವೋ ಎರಡನೆಯದೋ ನಾನು ಕೇಳಲಿಲ್ಲ. ಅವನು ಹಾಳೆ ಹಿಡಿದು ನನ್ನ ಕಡೆ ತಿರುಗಿ, “ಮೇಡಂ, ನಾನು ಎಲ್ಲ ನೋಡಿದೀನಿ, ಎಲ್ಲ ಸರಿಯಾಗೇ ಇದೆ,” ಎಂದ. ಅವನ ಹಾಳೆ ಇಸಿದುಕೊಂಡು, ನೀನು ಮಾತಾಡಬೇಡ ಎಂದು ಹೇಳಿ, ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದೆ. ಅವನು ಎರಡು ಸಲ ಬಾಯಿ ಹಾಕಿದ. ಮೂರನೆಯ ಸಲ ತಾನೇ ನಿಲ್ಲಿಸಿ, “ಅಯ್ಯೋ, ತಪ್ಪಿರೋದು ಅಲ್ಲಿ ಅಲ್ವಾ,” ಎಂದ. ಕೋರ್ಸು ಮುಗಿದಿತ್ತು, ಆ ಸಲ ಚಿಕ್ಕಪ್ಪನ ಮನೆಯಲ್ಲಿ ಉಳಿಯುವುದಿರಲಿಲ್ಲ. ರೈಲಿಗೆ ಹೊತ್ತಾಗಿತ್ತು, ಎದ್ದು ಬಂದೆ.

ಮನೆಯಲ್ಲಿ ಮಾವ ಆ ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ನೋಡಿದರು. ಅವರು ಕಡಿಮೆ ಮಾತಿನವರು.

“ಮೊತ್ತ ನೀನೇ ಮನೇಲಿ ಕೂಡಿದ್ಯಲ್ಲವ್ವ. ಮತ್ತೆ ಅದಕ್ಕೆ ಯಾಕೆ ಕೊಟ್ಟೆ?”

“ಅದಕ್ಕೆ ಹೇಳೋದು ನನಗೆ ಬರುತ್ತಾ ಅಂತ ನೋಡೋಕೆ ಮಾವ.”

ಅವರು ತಲೆಯಾಡಿಸಿದರು. ಪಟ್ಟಿಯಲ್ಲಿದ್ದ ಒಂದೆರಡು ಮರವನ್ನು ಅವರು ಒಪ್ಪಲಿಲ್ಲ. ಅವರ ಅಚ್ಚುಮೆಚ್ಚಿನ ಒಂದು ಮರ ಪಟ್ಟಿಯಲ್ಲಿ ಇರಲಿಲ್ಲ. ಮಾರನೆಯ ಬೆಳಿಗ್ಗೆ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ತೋಟಕ್ಕೆ ಹೋದರು. ಬಂದ ಮೇಲೆ ಕಾಗದವನ್ನು ವಾಪಸು ಕೊಡಲಿಲ್ಲ.

ಪ್ರಮಾಣಪತ್ರ ಅಂಚೆಯಲ್ಲಿ ಬಂತು. ಅದನ್ನು ತೆಗೆದುಕೊಂಡು ತಿಪಟೂರಿನ ಕಾಲೇಜಿಗೆ ಹೋದೆ. ಯಜಮಾನರು ಜೊತೆಗೆ ಬರುತ್ತೇನೆಂದರು, ನಾನು ಬೇಡವೆಂದೆ. ಪ್ರಿನ್ಸಿಪಾಲರು ಅದನ್ನು ಓದಿ ಮೇಜಿನ ಮೇಲಿಟ್ಟು, ಸ್ವಲ್ಪ ಸಂಕೋಚದಿಂದ ಹೇಳಿದರು.

“ಒಂದು ತೊಂದರೆ ಇದೆಯಮ್ಮ. ಕಂಪ್ಯೂಟರ್ ಇನ್ನೂ ಬಂದಿಲ್ಲ. ಈ ವರ್ಷ ಬರುತ್ತೋ ಇಲ್ಲವೋ ಹೇಳೋಕಾಗಲ್ಲ. ಹುಡುಗರು ಮಾತ್ರ ಸೇರಿಬಿಟ್ಟಿದ್ದಾರೆ. ಯಂತ್ರ ಇಲ್ಲದೆ ಹೇಗೆ ಹೇಳ್ಕೊಡ್ತೀರಿ?”

“ನಾನು ಕಲಿತದ್ದೂ ಬಹಳ ಮಟ್ಟಿಗೆ ಹಾಗೇ ಸರ್,” ಎಂದೆ.

ಅವರು ನನ್ನನ್ನು ಒಂದು ಸಲ ನೋಡಿದರು. ತಮಾಷೆಗೆ ಹೇಳುತ್ತಿಲ್ಲ ಎಂದು ತಿಳಿದ ಮೇಲೆ ಪೆನ್ನಿನ ಮುಚ್ಚಳ ತೆಗೆದರು. ಸೋಮವಾರದಿಂದ ಬನ್ನಿ ಎಂದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ನೊಣವಿನಕೆರೆಯಲ್ಲಿ ಇಳಿದು ಊರಿನ ದಾರಿ ಹಿಡಿದೆ. ಅತ್ತೆ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಚಪ್ಪಲಿಯ ಸದ್ದಿಗೆ ತಲೆ ಎತ್ತಿದರು.

“ಏನಂದ್ರವ್ವ?”

“ಸೋಮವಾರದಿಂದ ಬಾ ಅಂದರು ಅತ್ತೆ.”

“ಬೆಳಿಗ್ಗೆ ಬಸ್ಸಿಗೋ?”

“ಹೂಂ. ಬೆಳಿಗ್ಗೆ ಬಸ್ಸಿಗೆ ಹೋಗಿ, ಸಂಜೆ ಬಸ್ಸಿಗೆ ಬರೋದು.”

“ಮುದ್ದೆ ಡಬ್ಬಿಗೆ ಕಟ್ಟಕ್ಕಾಗಲ್ಲ,” ಎಂದು ಅವರು ಕೈಯಲ್ಲಿದ್ದ ಕಾಯಿ ಬಿಡಿಸುತ್ತ ಯೋಚಿಸಿದರು. “ರೊಟ್ಟಿ ತಟ್ಟಿಕೊಡ್ತೀನಿ. ಹುಚ್ಚೆಳ್ಳು ಚಟ್ನಿಪುಡಿ ಐತೆ.”

ನಾನು ಚಪ್ಪಲಿ ಬಿಟ್ಟು ಅವರ ಪಕ್ಕ ಕೂತೆ, ಒಂದು ಹಿಡಿ ಅವರೆಕಾಯಿ ನನ್ನ ಕಡೆ ಎಳೆದುಕೊಂಡೆ.